ಬಾಗಿಲ ಮುಂದಿನ ಕತ್ತಾಳೆ ಕಂಬ

ಮೆಟ್ಸ್‌ಟಿಟ್ಲಾನ್ ಕಮರಿಯಲ್ಲಿ ದೋನ್ಯಾ ಕಾಸಿಲ್ಡಾಳಷ್ಟು ಕತ್ತಾಳೆ ಬಲ್ಲವರು ಇನ್ನೊಬ್ಬರಿಲ್ಲ. ಹಾಗೆಂದು ಅವಳೇ ಊರಿಗೆಲ್ಲ ಹೇಳಿಟ್ಟಿದ್ದಳು. ಹತ್ತು ಹನ್ನೆರಡು ವರ್ಷ ಮುಳ್ಳು ಬಿಟ್ಟುಕೊಂಡು ಸುಮ್ಮನೆ ಕೂತ ಗಿಡ ಒಂದು ದಿನ ನಡುವಿನ ಸುಳಿಯನ್ನು ಸಣ್ಣಗೆ ಮಾಡುತ್ತದೆ. ಆಗಲೇ ಸುಳಿ ಕಿತ್ತರೆ ಮುಂದೆ ತಿಂಗಳುಗಟ್ಟಲೆ ಸಿಹಿನೀರು, ಅದು ಹುಳಿತರೆ ಪುಲ್ಕೆ ಎಂಬ ಹೆಂಡ. ತಪ್ಪಿದರೆ ಗಿಡ ತನ್ನ ಸಿಹಿಯನ್ನೆಲ್ಲ ಒಂದು ಕಂಬಕ್ಕೆ ಸುರಿದು, ಹೂ ಬಿಟ್ಟು, ಬುಡದಲ್ಲಿ ಮರಿಗಳನ್ನು ಉಳಿಸಿ ಸಾಯುತ್ತದೆ. ಎದುರು ದಿಬ್ಬದ ಎಲಿಸೆಯೋ ಹಾಗೆ ಒಂದೇ ಒಂದು ಗಿಡವನ್ನು ಕೈಬಿಟ್ಟಾಗ ಕಾಸಿಲ್ಡಾ ಆರು ವರ್ಷ ಆಡಿಕೊಂಡಿದ್ದಳು.

ಈಗ ಅವಳ ಬಾಗಿಲ ಮುಂದೆಯೇ ಆಳೆತ್ತರದ ಕಂಬ ಎದ್ದಿತ್ತು. ಊರೆಲ್ಲ ನೋಡಿತ್ತು, ಅವಳೊಬ್ಬಳನ್ನು ಬಿಟ್ಟು. ಕಣ್ಣಿಗೆ ಪೊರೆ ಬಂದ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ಗಿಡಗಳನ್ನೆಲ್ಲ ಅಳಿಯನಿಗೆ ಒಪ್ಪಿಸಿ ಮೂಲೆ ಹಿಡಿಯಬೇಕು.

"ಏನೇ ಕಾಸಿಲ್ಡಾ, ಬಾವುಟ ಹಾರಿಸೋಕೆ ಕಂಬ ನೆಟ್ಟಿದೀಯಾ?" ಎಂದು ಎಲಿಸೆಯೋ ಕತ್ತೆ ನಿಲ್ಲಿಸಿ ಕೇಳಿದ.

ಅವಳು ಕೈ ಚಾಚಿ ತಡಕಿದಳು. ಬೆರಳಿಗೆ ಕಂಬ ತಗುಲಿತು. ಕಣ್ಣು ಸೋತಿತ್ತು. ಬಾಯಿ ಮಾತ್ರ ಸೋಲಲಿಲ್ಲ.

"ಬಾವಲಿಗಳಿಗೆ ಅಂತ ಬಿಟ್ಟಿದೀನಿ. ಅವೂ ಹೂವಿನ ಸಿಹಿ ಉಣ್ಣಬೇಡ್ವಾ? ನಿನ್ ಥರ ಬರೀ ನನ್ ಹೊಟ್ಟೆ ನೋಡ್ಕೊಳ್ಳೋಳಲ್ಲ ನಾನು."

"ಬಾವಲಿಗಳ ಪುಣ್ಯ ಬಿಡು," ಎಂದ ಎಲಿಸೆಯೋ. ಅವಳು ತಡಕಿದ್ದನ್ನು ಅವನು ನೋಡಿದ್ದ. ಆರು ವರ್ಷದ ಸೇಡು ತೀರಿಸಿಕೊಳ್ಳಲು ಇಂಥ ದಿನ ಮತ್ತೆ ಸಿಗುವುದಿಲ್ಲ. ಆದರೂ ಸುಮ್ಮನೆ ಕತ್ತೆ ಹೊಡೆದುಕೊಂಡು ಹೋದ.

ವಾರ ಕಳೆದು ಅವಳು ತನ್ನ ಇಳಿಜಾರಿನಲ್ಲಿ ನಡೆಯುತ್ತಿದ್ದಾಗ ಒಂದು ಗಿಡದ ಹೊರಗಿನ ಎಲೆಪಟ್ಟೆಯಲ್ಲಿ ಬೆರಳು ತಡೆಯಿತು. ಹಸಿ ಗೀರು, ಮೂರು. ಆ ಕಮರಿಯಲ್ಲಿ ಪಟ್ಟೆಯ ಮೇಲೆ ಗುರುತು ಕೊರೆದವರದೇ ಗಿಡ. ಯಾವ ಕಳ್ಳ ನನ್ನ ಗಿಡಕ್ಕೆ ಕೈ ಹಾಕಿದ ಎಂದು ಉರಿದುಬಿದ್ದಳು. ಮುಳ್ಳು ತರಚಿದರೂ ತೋಳು ತೂರಿಸಿ ಸುಳಿ ಮುಟ್ಟಿದಳು. ಸಣ್ಣಗಾಗಿತ್ತು. ಗೀರಿಲ್ಲದ ಪಕ್ಕದ ಗಿಡದ ಸುಳಿ ಇನ್ನೂ ದಪ್ಪ. ಗೀರಿದ್ದ ಮತ್ತೊಂದರದು ಸಣ್ಣ. ಸುಳಿ ಕೀಳುವ ಹದಕ್ಕೆ ಬಂದವಕ್ಕಷ್ಟೇ ಗೀರು. ಇಷ್ಟು ಸೊಟ್ಟಗೆ ಕೊರೆಯುವವನು ಊರಿಗೆ ಒಬ್ಬನೇ. ಕಾಸಿಲ್ಡಾ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತಳು. ನಾಚಿಕೆಯೂ ಆಯಿತು, ಹಾಯೆನಿಸಿತು ಕೂಡ.

ಮಧ್ಯಾಹ್ನ ಒಂದು ಮಗೆ ಪುಲ್ಕೆ ಹಿಡಿದು ಎದುರು ದಿಬ್ಬ ಹತ್ತಿದಳು.

"ನಿನ್ ಕೈಬರಹ ಇನ್ನೂ ಸೊಟ್ಟಕ್ಕೇ ಇದೆ."

"ಯಾವ ಬರಹ? ನಂಗೆ ಅಕ್ಷರ ಬರಲ್ಲ ಅಂತ ನೀನೇ ಊರಿಗೆಲ್ಲ ಸಾರಿದೀಯಲ್ಲ," ಎಂದ ಎಲಿಸೆಯೋ.

ಅವಳು ಬಟ್ಟಲಿಗೆ ಬಗ್ಗಿಸಿದಳು. ಅರ್ಧ ಹೊರಗೆ ಚೆಲ್ಲಿತು. ಅವನು ಬಟ್ಟಲನ್ನು ಮಗೆಯ ಕೆಳಕ್ಕೆ ಸರಿಸಿದ.

"ಮುಂದಿನ್ ಸಲ ಇನ್ನೂ ಸ್ವಲ್ಪ ಆಳಕ್ಕೆ ಕೊರಿ," ಎಂದಳು ಕಾಸಿಲ್ಡಾ. "ಬೆರಳಿಗೂ ವಯಸ್ಸಾಗ್ತಿದೆ."