ಎಡಕ್ಕೆ ತಿರುಗುವ ಸ್ಟ್ಯಾಂಡು

ವಾರವೆಲ್ಲ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ದುಡಿದು, ಭಾನುವಾರ ಗುಬ್ಬಿ, ಕುಣಿಗಲ್ಲಿನ ಆರತಕ್ಷತೆಗಳಲ್ಲಿ ಕೀಬೋರ್ಡ್ ನುಡಿಸುವ ಗಂಗರಾಜು, ಹಾಡಿನ ಸಾಲು ತೋರಿಸುವ ಟ್ಯಾಬ್ ಇಡಲು ಸ್ಟ್ಯಾಂಡು ಕೊಳ್ಳಲು ಹೋದರೆ ಹೆಣ್ಣು ನೋಡಲು ಹೋದವರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಾನೆ. ಛತ್ರದ ಗಾಳಿಗೆ ಬಿದ್ದೀತೆಂದು ಅಂಗಡಿಯ ಫ್ಯಾನಿನೆದುರೇ ನಿಲ್ಲಿಸಿ ನೋಡುತ್ತಾನೆ. "ಸಾರ್, ಇದು ಸ್ಟ್ಯಾಂಡು, ಕರೆಂಟ್ ಕಂಬ ಅಲ್ಲ," ಅನ್ನುತ್ತಾನೆ ಅಂಗಡಿಯವನು. ಕೊನೆಗೆ, ಎಡಕ್ಕೆ ಪೂರ್ತಿ ತಿರುಗುವುದನ್ನೇ ಆರಿಸುತ್ತಾನೆ. ಅವನ ಎಡಕ್ಕೆ ನಿಂತು ಹಾಡುವ ಕೋಮಲಕ್ಕನಿಗೆ ಈಚೆಗೆ ಸಾಲುಗಳು ಮರೆತುಹೋಗುತ್ತಿವೆ. ಗೊತ್ತಾದರೆ ಅವಳನ್ನು ಯಾರೂ ಕರೆಯುವುದಿಲ್ಲ. "ಇಷ್ಟ್ ವರ್ಷ ಆದ್ರೂ ನೋಡ್ಕೊಂಡೇ ನುಡಿಸ್ತೀಯೇನ್ಲಾ?" ಎಂದು ತಬಲದ ಮುದ್ದಯ್ಯ ಕಿಚಾಯಿಸಿದರೆ, "ನನ್ ತಲೇಲಿ ಏನ್ ನಿಲ್ತದೆ ಬುಡಣ್ಣ," ಅನ್ನುತ್ತಾ, ತನಗೆ ಬಾಯಿಪಾಠವಿರುವ ಹಾಡಿನ ಅಕ್ಷರಗಳನ್ನು ಟ್ಯಾಬಿನಲ್ಲಿ ಇನ್ನಷ್ಟು ದೊಡ್ಡದು ಮಾಡುತ್ತಾನೆ.