ಉಜ್ಜಿನಪ್ಪನ ಕಿವಿ

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೊರಡುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಉಜ್ಜಿನಪ್ಪನ ಗ್ಯಾರೇಜು. ಅರವತ್ತು ಸಮೀಪಿಸಿದ ಆಸಾಮಿ. ದೊಡ್ಡ ಗಾಡಿಗಳ ಎಂಜಿನ್ ಟ್ಯೂನ್ ಮಾಡುವುದರಲ್ಲಿ ಹೆಸರು ಮಾಡಿದ್ದ. ಈಚೆಗೆ ಕಂಪ್ಯೂಟರಿಗೆ ವೈರು ಸಿಕ್ಕಿಸಿ ಕೆಲಸ ಮಾಡುವುದನ್ನೂ ಕಲಿತಿದ್ದ. ಆದರೆ ಕಡೆಯ ಮಾತು ಕಿವಿಯದೇ. ಟ್ಯೂನ್ ಮುಗಿದ ಮೇಲೆ ಗಾಜು ಇಳಿಸಿ, ಉಜ್ಜಿನಿ ಕಡೆಯ ಏರಿಗೆ ಗಾಡಿ ಹತ್ತಿಸಿ, ಎಂಜಿನ್ ಒಳಗೆ ಬಡಿತ ಕೇಳುತ್ತದೋ ಇಲ್ಲವೋ ಎಂದು ನೋಡದೆ ಯಾವ ಗಾಡಿಯನ್ನೂ ಕೊಟ್ಟು ಕಳಿಸುತ್ತಿರಲಿಲ್ಲ. ಸಿಲಿಂಡರಿನಲ್ಲಿ ಕಿಡಿಯ ಉರಿ ಹೋಗಿ ಮುಟ್ಟುವ ಮೊದಲೇ ಪೆಟ್ರೋಲು ತಾನಾಗಿ ಹೊತ್ತಿಕೊಂಡರೆ ಆ ಸದ್ದು ಬರುತ್ತದೆ. ಅದನ್ನು ಹಾಗೇ ಬಿಟ್ಟರೆ ಪಿಸ್ಟನ್ ಉಳಿಯುವುದಿಲ್ಲ.

ಈ ಬೇಸಿಗೆಯಲ್ಲಿ ಹಡಗಲಿಯ ಪಂಪ್‌ಸೆಟ್ ಅಂಗಡಿಯ ಪ್ರವೀಣಕುಮಾರ್ ತನ್ನ ದೊಡ್ಡ ಪೆಟ್ರೋಲ್ ಗಾಡಿ ತಂದ.

"ಗಾಡಿ ಎಳೀತಾನ ಇಲ್ಲ ನೋಡ್ರಿ ಉಜ್ಜಿನಪ್ಪಣ್ಣ. ಏರು ಬಂತಂದ್ರ ಆನಿ ಮಲಗಿದಂಗ ಆಗತೈತಿ."

"ಯಾವ ಪೆಟ್ರೋಲ್ ಹಾಕ್ತೀರಿ, ಅದನ್ನ ಮೊದಲ ಹೇಳ್ರಿ," ಅಂದ ಉಜ್ಜಿನಪ್ಪ. "ಸಾದಾದ್ದು ತೊಂಬತ್ತೊಂದು ಆಕ್ಟೇನ್. ಆ ನಂಬರ್ ಹೆಚ್ಚಿದ್ದಷ್ಟು ಎಂಜಿನ್ ಬಡಿಯೋದು ಕಮ್ಮಿ. ಅದಕ್ಕ ಹೊಂದಿಸಿದ್ರ ಇಷ್ಟ ಎಳಿತೈತಿ. ತೊಂಬತ್ತೈದರದು ಹಾಕ್ತೀನಿ ಅಂದ್ರ ಕಿಡಿ ಒಂಚೂರು ಬೇಗ ಹಾರೋ ಹಂಗ ಮಾಡಬೌದು. ಆಮ್ಯಾಲ ಸಾದಾದ್ದು ಹಾಕಂಗಿಲ್ಲ."

"ಒಳ್ಳೇದನ್ನ ಹಾಕ್ತೀನಿ ಬಿಡ್ರಿ."

ಉಜ್ಜಿನಪ್ಪ ಒಳ್ಳೆಯದಕ್ಕೇ ಹೊಂದಿಸಿದ. ಗಾಡಿ ಓಡಿಸಿ ನೋಡಲು ಹೊರಟಾಗ ಹೆಂಡತಿ ಪುಷ್ಪಲತಾ ಹಿಂದಿನ ಸೀಟಿನಲ್ಲಿ ಕೂತಳು. ಉಜ್ಜಿನಿಯಲ್ಲಿ ಅವಳ ತಂಗಿಯ ಮನೆಗೆ ಬಿಡಬೇಕಿತ್ತು. ಏರಿನಲ್ಲಿ ಅವನು ಆಕ್ಸಿಲರೇಟರ್ ಪೂರ್ತಿ ಒತ್ತಿದ. ಗಾಳಿ ಹುಯ್ಯೆಂದಿತು. ಗಾಡಿ ಚೆನ್ನಾಗಿ ಎಳೆಯಿತು. ಕೆಲಸ ಮುಗೀತು ಅಂದುಕೊಂಡ.

"ರೀ, ಏನದು ಸದ್ದು? ಡಬ್ಬ್ಯಾಗ ಕಡ್ಲಿ ಹಾಕಿ ಅಲ್ಲಾಡಿಸಿದಂಗ?"

"ಎಲ್ಲಿ?"

"ಮುಂದ, ಎಂಜಿನ್ನಾಗ. ನಿಮಗ ಕೇಳಲಿಲ್ಲೇನು?"

ಉಜ್ಜಿನಪ್ಪ ಗಾಡಿ ತಿರುಗಿಸಿ ಇಳಿದು ಬಂದು ಮತ್ತೆ ಏರಿದ. ಈ ಸಲ ತಲೆಯನ್ನೇ ಕಿಟಕಿಯಿಂದ ಹೊರಗೆ ಹಾಕಿದ. ಗಾಳಿ ಬಿಟ್ಟರೆ ಏನೂ ಇಲ್ಲ. ಹಿಂದಿನಿಂದ ಪುಷ್ಪಲತಾ, "ಹ್ಞಾಂ, ಈಗ, ಈಗ ಬಂತು ನೋಡ್ರಿ," ಅಂದಳು. ಅವನು ಗಾಡಿಯನ್ನು ಬದಿಗೆ ನಿಲ್ಲಿಸಿ ಸ್ಟೇರಿಂಗ್ ಮೇಲೆ ಕೈ ಚೆಲ್ಲಿ ಕೂತುಬಿಟ್ಟ. ತಂಗಿಯ ಮನೆಗೆ ಹೊತ್ತಾಗುತ್ತದೆ ಎಂದು ಅವಳೂ ಅವಸರ ಮಾಡಲಿಲ್ಲ.

ಟ್ಯಾಂಕಿನ ತಳದಲ್ಲಿ ಸಾದಾ ಪೆಟ್ರೋಲು ಉಳಿದಿತ್ತು, ಅದರ ಮೇಲೇ ಪ್ರವೀಣಕುಮಾರ್ ಒಳ್ಳೆಯದನ್ನು ಹಾಕಿಸಿದ್ದ. ಬಡಿತಕ್ಕೆ ಕಾರಣ ಅಷ್ಟೇ. ಆ ಕಾರಣ ತಿಳಿದದ್ದರಿಂದ ಉಜ್ಜಿನಪ್ಪನಿಗೆ ಸಮಾಧಾನವೇನೂ ಆಗಲಿಲ್ಲ. ಎಂಜಿನ್ನನ್ನು ಮೊದಲಿನ ಹಾಗೇ ಮಾಡಿ, ಮರುದಿನ ಪ್ರವೀಣಕುಮಾರನಿಗೆ ಸುತ್ತಿ ಬಳಸದೆ ಹೇಳಿದ: "ಬಡಿಯೋದು ನನಗ ಕೇಳವಲ್ದು ಸಾವ್ಕಾರ್ರ. ಕಿವಿ ಸೋತಾವು."

"ಎಂಜಿನ್ನಾಗ ಸೆನ್ಸರ್ ಐತಲ್ರಿ, ಬಡಿಯೋದನ್ನ ಅದು ಹಿಡಿಯಂಗಿಲ್ಲೇನು?"

"ಹಿಡಿತೈತಿ. ಎಲ್ಲಾ ಹಿಡಿತೈತಿ ಅಂತ ನಾ ಎಂದೂ ನಂಬಿದಾಂವಲ್ಲ."

ಪ್ರವೀಣಕುಮಾರ್ ಮುಖ ಸಣ್ಣದು ಮಾಡಿಕೊಂಡು ಆನೆಯಂಥ ಗಾಡಿಯನ್ನು ಆನೆಯ ಹಾಗೇ ಓಡಿಸಿಕೊಂಡು ಹೋದ.

ಗಂಡ ಮಂಕಾದದ್ದನ್ನು ನೋಡಲಾರದೆ ಪುಷ್ಪಲತಾ ತಾನೇ ಅಂದಳು: "ನಾ ಬರ್ತೀನಿ ಬಿಡ್ರಿ. ಕೇಳಿ ಹೇಳಿದ್ರಾತಿಲ್ಲೋ?" ಹಾಗೆ ಶುರುವಾಯಿತು. ಗಾಡಿ ಬಂದಾಗಲೆಲ್ಲ ಅಡಿಗೆ ಅರ್ಧಕ್ಕೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರುವಳು. ಏರು ಹತ್ತುವಾಗ ಕಣ್ಣು ಮುಚ್ಚಿ ಕಿವಿಗೊಡುವಳು. ಮೊದಮೊದಲು ಬಾಗಿಲಿನ ನೀರಿನ ಬಾಟಲಿ, ಬೀಗದ ಗೊಂಚಲು ಎಲ್ಲವೂ ಅವಳಿಗೆ ಬಡಿತವಾಗಿಯೇ ಕೇಳುತ್ತಿದ್ದವು. ಆಮೇಲೆ ಚೆನ್ನಾಗಿ ಪಳಗಿದಳು. ಆದರೆ ಆ ದೊಡ್ಡ ಗಾಡಿಗಳ ಓಲಾಟಕ್ಕೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಮನೆಗೆ ಬಂದು ಲಿಂಬೆಹಣ್ಣು ಮೂಸಿ ಗೋಡೆಗೆ ಒರಗುವಳು. ಕೇಳಿದರೆ, "ಏನಿಲ್ಲ, ಬಿಸಲು," ಅನ್ನುವಳು. ಉಜ್ಜಿನಪ್ಪ ನೋಡಿಯೂ ಮುಂದಿನ ಗಾಡಿಗೆ ಕರೆಯುತ್ತಿದ್ದ. ಅವಳಿಲ್ಲದೆ ಕೆಲಸ ನಡೆಯುತ್ತಿರಲಿಲ್ಲ.

ಶ್ರಾವಣದಲ್ಲಿ ಹರಪನಹಳ್ಳಿಯ ಗಾಡಿಯೊಂದು ಬಂತು. ಏರು ಹತ್ತಿ ಮುಗಿದರೂ ಹಿಂದಿನಿಂದ ಮಾತಿಲ್ಲ. "ಹೆಂಗೈತಿ?" ಎಂದು ಅವನು ಕನ್ನಡಿಯಲ್ಲಿ ನೋಡಿದ. ಪುಷ್ಪಲತಾ ಬಾಯಿ ಅರೆ ತೆರೆದು, ತಲೆಯನ್ನು ಗಾಜಿಗೆ ಆನಿಸಿ ನಿದ್ದೆಹೋಗಿದ್ದಳು. ಮನೆಗೆಲಸ, ಗ್ಯಾರೇಜಿನ ಚಾಕರಿ ಎಲ್ಲದರ ದಣಿವೂ ಮುಖದಲ್ಲಿ ಇಳಿದಿತ್ತು. ಎಬ್ಬಿಸಿ ಇನ್ನೊಂದು ಸುತ್ತು ಹೊಡೆಯಬಹುದಿತ್ತು. ಅವನಿಗೆ ಮನಸ್ಸು ಬರಲಿಲ್ಲ. ರಸ್ತೆಯಲ್ಲಿ ಗುಂಡಿ ಬಂದಲ್ಲಿ ಬ್ರೇಕು ಹಿಡಿದು ಮೆಲ್ಲಗೆ ನಡೆಸಿಕೊಂಡು ಊರಿಗೆ ಬಂದ.

ಆ ಗಾಡಿಯನ್ನು ಕಂಪನಿಯವರು ಕೊಟ್ಟ ಅಳತೆಗೇ ಮರಳಿಸಿ, "ಸಾದಾ ಪೆಟ್ರೋಲ್ ಹಾಕ್ರಿ, ಮೆಲ್ಲಕ ಓಡಸ್ರಿ. ಟ್ಯೂನಿಂಗ್ ಬೇಕಂದ್ರ ಹೊಸಪೇಟಿಗೆ ಹೋಗ್ರಿ," ಎಂದು ಕಳಿಸಿಕೊಟ್ಟ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ: "ಇನ್ನ ಟ್ಯೂನಿಂಗ್ ಸಾಕು. ಆಯಿಲ್, ಬ್ರೇಕು ನೋಡಿಕೊಂಡಿದ್ರಾತು."

ಪುಷ್ಪಲತಾ ರೊಟ್ಟಿ ಹಾಕಿ ಅವನ ಮುಖ ನೋಡಿದಳು. "ಇದನ್ನ ಮೊದಲ ಅನಬಾರ್ದಿತ್ತೇನ್ರಿ? ನಿಮಗ ಬ್ಯಾಸರಾದೀತಂತ ನಾ ಬಾಯಿ ಬಿಡಲಿಲ್ಲ. ನನಗಂತೂ ಸಾಕಾಗಿ ಹೋಗಿತ್ತು."

"ನನಗೂ," ಅಂದ ಉಜ್ಜಿನಪ್ಪ.