ಚೀಟಿಯಕ್ಕ ಬರೆಯದ ಚೀಟಿ

ಪುಸ್ತಕದಂಗಡಿಯಲ್ಲಿ ಕೆಲಸ ಅಂದರೆ ಜನಕ್ಕೆ ಏನೋ ಒಂದು ಭ್ರಮೆ. ಹಾಯಾಗಿ ಕೂತು ದಿನವಿಡೀ ಓದಿಕೊಂಡಿರಬಹುದು ಅಂತ. ಓದೋದಂತೆ ಓದೋದು! ಚೀಟಿಯಕ್ಕನನ್ನು ಕೇಳಿ ನೋಡಿ. ಬೆಳಿಗ್ಗೆ ಬಾಗಿಲು ತೆಗೆದರೆ ಧೂಳು ಹೊಡೆಯಬೇಕು, ಬಂಡಲ್ ಬಿಚ್ಚಬೇಕು, ಅಡುಗೆ ಪುಸ್ತಕಗಳ ನಡುವೆ ಯಾರೋ ತುರುಕಿ ಹೋದ ಕಾನೂನು ಪುಸ್ತಕವನ್ನು ಹುಡುಕಿ ತೆಗೆಯಬೇಕು. ಅಷ್ಟರಲ್ಲಿ ಒಬ್ಬರು ಬಂದು, "ಹೋದ ವರ್ಷ ಇಲ್ಲೇ ನೋಡಿದ್ದೆ, ನೀಲಿ ರಟ್ಟು. ಹೆಸರು ಮರೆತೆ, ಬರೆದವರು ಯಾರು ಅಂತಲೂ ಮರೆತೆ" ಅನ್ನುತ್ತಾರೆ. ನೀಲಿ ರಟ್ಟಿನವು ನಾನೂರು ಇವೆ ತಾಯಿ ಅಂದರೆ, "ಒಂದೊಂದಾಗಿ ತೋರಿಸಿ, ಗುರುತು ಹಿಡೀತೀನಿ" ಅಂತ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ತಲೆ ಚಿಟ್ಟು ಹಿಡಿಯದೆ ಇನ್ನೇನಾಗುತ್ತೆ?

ಚೀಟಿಯಕ್ಕ ಅನ್ನೋ ಹೆಸರು ಅವಳಿಗೆ ಬಂದದ್ದು ಅವಳು ಬರೆಯುವ ಚೀಟಿಗಳಿಂದ. ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಅಂಗೈಯಗಲ ಕತ್ತರಿಸಿ, ಹಿಂಬದಿಯಲ್ಲಿ ಎರಡು ಸಾಲು ಬರೆದು, ಪುಸ್ತಕದ ಕೆಳಗೆ ಕಪಾಟಿನ ಅಂಚಿಗೆ ಅಂಟಿಸುತ್ತಾಳೆ. 'ಮೊದಲ ಐವತ್ತು ಪುಟ ಎಳೆಯುತ್ತೆ, ಸಹಿಸಿಕೊಳ್ಳಿ. ಆಮೇಲೆ ಬಿಡೋಕಾಗಲ್ಲ.' 'ಅಮ್ಮನ ಜೊತೆ ಮಾತು ಬಿಟ್ಟವರು ಓದಬೇಡಿ, ಫೋನ್ ಮಾಡಬೇಕಾಗುತ್ತೆ.' ಕೊನೇ ಪುಟದವರೆಗೆ ಓದದೆ ಒಂದಕ್ಷರ ಬರೆಯುವವಳಲ್ಲ. ಕೆಲವರು ಚೀಟಿಯ ಫೋಟೋ ಹೊಡೆದುಕೊಂಡು, ಅವಳ ಕಣ್ಣೆದುರಿಗೇ ಆ ಪುಸ್ತಕವನ್ನು ಮೊಬೈಲಿನಲ್ಲಿ ಅಗ್ಗಕ್ಕೆ ತರಿಸಿಕೊಳ್ಳುತ್ತಾರೆ. ಅವರ ಮಾತು ಎತ್ತಬೇಡಿ, ಹೊಟ್ಟೆ ಉರಿಯುತ್ತೆ.

ಚೀಟಿಯನ್ನು ನಂಬಿ ಕೊಳ್ಳುವವರಲ್ಲಿ ಮೊದಲನೆಯವರು ನರ್ಸಮ್ಮ. ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರು. ಹನ್ನೆರಡು ವರ್ಷದಿಂದ ತಿಂಗಳ ಮೊದಲ ಶನಿವಾರ ಛತ್ರಿ ಊರಿಕೊಂಡು ಬಂದು, "ಈ ಸಲ ಏನಮ್ಮ?" ಅನ್ನುತ್ತಾರೆ. ಚೀಟಿಯಕ್ಕ ಒಂದು ಪುಸ್ತಕ ತೆಗೆದು, ಕಣ್ಣರಳಿಸಿಕೊಂಡು, ಅದನ್ನೋದಿ ತನಗೆ ಏನೇನಾಯಿತು ಅಂತ ಹೇಳುತ್ತಾಳೆ. ನರ್ಸಮ್ಮ ಮರುಮಾತಾಡದೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಚೀಟಿಯಕ್ಕನ ಮನೆಯಲ್ಲಿ ಗಂಡನಾಗಲಿ, ಒಡಹುಟ್ಟಿದ ಅಕ್ಕನಾಗಲಿ ಅವಳು ಕೊಟ್ಟ ಒಂದು ಪುಸ್ತಕವನ್ನೂ ಮುಟ್ಟಿದವರಲ್ಲ. ಹಾಗಾಗಿ ನರ್ಸಮ್ಮನ ನಂಬಿಕೆ ಅಂದರೆ ಅವಳಿಗೆ ಸಂಬಳಕ್ಕಿಂತ ಹೆಚ್ಚು.

ಹೀಗಿರುವಾಗ ಅಂಗಡಿ ಯಜಮಾನರ ಭಾಮೈದ ಕಾದಂಬರಿ ಬರೆದ. ಬರೆದುಕೊಳ್ಳಲಿ, ಯಾರು ಬೇಡ ಅಂದರು? ಆದರೆ ತಾನೇ ಅಚ್ಚು ಹಾಕಿಸಿ, ನೂರು ಪ್ರತಿ ತಂದು ಅಂಗಡಿಯ ಬಾಗಿಲಲ್ಲೇ ಪೇರಿಸಿದ. ಮೊದಲ ಪುಟದಲ್ಲಿ ಒಂದು ಕೊಲೆ, ಮೂರನೇ ಪುಟದಲ್ಲಿ ಇನ್ನೊಂದು, ಇಪ್ಪತ್ತನೇ ಪುಟಕ್ಕೆ ತನಿಖೆಗೆ ಬಂದ ಪೊಲೀಸನೂ ಸತ್ತ. ಚೀಟಿಯಕ್ಕ ಅಲ್ಲಿಗೆ ಕೈಮುಗಿದಳು.

"ಒಂದು ಚೀಟಿ ಬರೆದುಬಿಡಮ್ಮ," ಅಂದರು ಯಜಮಾನರು. "ಮನೇಲಿ ನನ್ನನ್ನ ನೆಮ್ಮದಿಯಾಗಿ ಊಟ ಮಾಡೋಕೆ ಬಿಡ್ತಿಲ್ಲ."

"ಓದೋಕಾಗಲಿಲ್ಲ ಸಾರ್. ಓದದೆ ಹೇಗೆ ಬರೀಲಿ?"

"ಎರಡು ಸಾಲಿಗೆ ಇಷ್ಟೊಂದು ಬಿಗುಮಾನಾನಾ?"

ಅವಳು ಜಗ್ಗಲಿಲ್ಲ.

ಆಮೇಲೆ ಹಲ್ಲು ಕೀಳಿಸಿಕೊಳ್ಳಲು ಶನಿವಾರ, ಭಾನುವಾರ ರಜೆ ಹಾಕಿದಳು. ಊದಿದ ಕೆನ್ನೆ ಹಿಡಿದುಕೊಂಡು ಸೋಮವಾರ ಬಂದರೆ ಬಾಗಿಲಲ್ಲೇ ಚೀಟಿ! ಅದೇ ಕ್ಯಾಲೆಂಡರ್ ಹಾಳೆ, ಅದೇ ಅಳತೆ. 'ಅತ್ಯದ್ಭುತ! ರೋಮಾಂಚಕ! ಪ್ರತಿಯೊಬ್ಬರೂ ಓದಲೇಬೇಕಾದ ಮೇರುಕೃತಿ! ಇಂತಿ ನಿಮ್ಮ ಚೀಟಿಯಕ್ಕ.' ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಹೆಸರು ಹಾಕೋಕೆ ನಿಮಗೆ ಯಾರು ಹೇಳಿದ್ದು ಸಾರ್?"

"ಹಾಕಿದ್ದಕ್ಕೇ ನಾಲ್ಕು ಹೋಯ್ತು!" ಯಜಮಾನರಿಗೆ ಖುಷಿಯೋ ಖುಷಿ. "ಮೊನ್ನೆ ಶನಿವಾರ ನಿಮ್ಮ ನರ್ಸಮ್ಮನೂ ಒಂದು ತಗೊಂಡು ಹೋದ್ರು."

ಚೀಟಿಯಕ್ಕ ನೆಟ್ಟಗೆ ಬಾಗಿಲಿಗೆ ಹೋದಳು. ಚೀಟಿ ಕಿತ್ತು ಚೂರುಚೂರು ಮಾಡಿದಳು. ಆದರೆ ಏನು ಬಂತು? ನರ್ಸಮ್ಮನ ಫೋನ್ ನಂಬರಿಲ್ಲ, ಮನೆ ಗೊತ್ತಿಲ್ಲ. ಇವಳಿಗೇನು ಬುದ್ಧಿ ಕೆಟ್ಟಿತಾ, ಇಂಥದ್ದನ್ನು ಓದು ಅಂದಿದ್ದಾಳಲ್ಲ ಅಂದುಕೊಂಡು ಇನ್ನು ಈ ಕಡೆ ತಲೆ ಹಾಕದಿದ್ದರೆ? ಆ ತಿಂಗಳಿಡೀ ಅವಳು ಯಜಮಾನರ ಜೊತೆ ಬೇಕಾದಷ್ಟೇ ಮಾತಾಡಿದಳು. ಮುಂದಿನ ತಿಂಗಳ ಮೊದಲ ಶನಿವಾರ ಬೆಳಿಗ್ಗೆಯಿಂದ ಬಾಗಿಲು ನೋಡುವುದೇ ಆಯಿತು.

ನರ್ಸಮ್ಮ ಬಂದರು. ಅವರು ಬಾಯಿ ತೆರೆಯುವ ಮೊದಲೇ ಇವಳು ಶುರು ಮಾಡಿದಳು. "ನರ್ಸಮ್ಮ, ಆ ಚೀಟಿ ನಾನು ಬರೆದದ್ದಲ್ಲ, ನನ್ನಾಣೆಗೂ ಅಲ್ಲ."

"ಗೊತ್ತು ಕಣೇ. ಇಷ್ಟು ವರ್ಷ ನಿನ್ನ ಚೀಟಿ ಓದಿಯೂ ಅಷ್ಟು ಗೊತ್ತಾಗಲ್ವಾ ನನಗೆ?"

ಹೋದ ಜೀವ ಬಂದಂತಾಯಿತು ಚೀಟಿಯಕ್ಕನಿಗೆ. "ಗೊತ್ತಿದ್ದೂ ಮತ್ತೆ ಯಾಕೆ ತಗೊಂಡ್ರಿ?"

"ನೀನು ಬರೆದದ್ದಲ್ಲ ಅಂತಲೇ ತಗೊಂಡೆ." ನರ್ಸಮ್ಮ ಆಚೀಚೆ ನೋಡಿ ದನಿ ತಗ್ಗಿಸಿದರು. "ಸಿಟ್ಟು ಮಾಡ್ಕೋಬೇಡ. ಎರಡೇ ದಿನದಲ್ಲಿ ಮುಗಿಸಿದೆ. ಒಲೆ ಮೇಲೆ ಹಾಲು ಉಕ್ಕಿ ಹೋದ್ರೂ ಏಳಲಿಲ್ಲ. ಅವನು ಇನ್ನೊಂದೇನಾದ್ರೂ ಬರೆದಿದ್ದಾನಾ?"

"ಹಾಗಾದ್ರೆ ನಾನು ಕೊಟ್ಟಿದ್ದೆಲ್ಲ?"

"ಎಲ್ಲಾ ಓದಿದ್ದೀನಿ. ಒಳ್ಳೆಯವೇ, ಇಲ್ಲ ಅನ್ನಲ್ಲ. ಆದ್ರೆ ಎಲ್ಲದರಲ್ಲೂ ಯಾರಾದ್ರೊಬ್ಬರು ಕಿಟಕಿ ಪಕ್ಕ ಕೂತು ನೂರು ಪುಟ ಯೋಚನೆ ಮಾಡ್ತಾರೆ. ಎದ್ದು ಒಂದು ಕೆಲಸ ಅಂತ ಮಾಡಲ್ಲ ಕಣೇ!"

"ಅಯ್ಯೋ ನರ್ಸಮ್ಮ, ನೂರ ನಲವತ್ತು ಪುಸ್ತಕ! ಒಂದು ಸಲ ಬಾಯಿ ಬಿಟ್ಟು ಹೇಳಬಾರದಾಗಿತ್ತಾ?"

"ನೀನು ಕೇಳಬಾರದಾಗಿತ್ತಾ? ನಿಮಗೇನು ಇಷ್ಟ ಅಂತ ಒಂದು ದಿನ, ಒಂದೇ ಒಂದು ದಿನ ಕೇಳಿದ್ಯಾ? ನೀನು ಅಷ್ಟು ಆಸೆಯಿಂದ ಹೇಳ್ತಿದ್ದೆ. ಬೇಡ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ."

ಗಲ್ಲಾದ ಹಿಂದೆ ಯಜಮಾನರು ಕಿಸಕ್ಕನೆ ನಕ್ಕರು. "ಸಾರ್, ನೀವು ಸುಮ್ನಿರಿ!" ಅಂದಳು ಚೀಟಿಯಕ್ಕ. ಅವಮಾನ, ಸಿಟ್ಟು, ಅಳು ಮೂರೂ ಒಟ್ಟಿಗೇ ಬಂದಿದ್ದವು. ಹೌದು, ಕೇಳಿರಲಿಲ್ಲ. ನರ್ಸಮ್ಮನನ್ನಷ್ಟೇ ಅಲ್ಲ, ಗಂಡನನ್ನೂ ಕೇಳಿರಲಿಲ್ಲ, ಅಕ್ಕನನ್ನೂ ಕೇಳಿರಲಿಲ್ಲ.

ಅವಳು ಕುರ್ಚಿ ತಂದು ಹಾಕಿದಳು. "ಕೂತ್ಕೊಳ್ಳಿ. ನಿಮಗೆ ಎಂಥದ್ದು ಬೇಕು, ಹೇಳಿ ನೋಡೋಣ."

"ಹೆಣ ಬೀಳಬೇಕು," ಅಂದರು ನರ್ಸಮ್ಮ ಥಟ್ಟನೆ. "ಜೀವಮಾನವೆಲ್ಲ ಹುಟ್ಟಿಸಿದ್ದೇ ಆಯ್ತು."

"ಆಮೇಲೆ?"

ನರ್ಸಮ್ಮ ಕುರ್ಚಿಯಲ್ಲಿ ಸರಿಯಾಗಿ ಕೂತು ಒಂದೊಂದಾಗಿ ಹೇಳುತ್ತಾ ಹೋದರು. ನಡುವೆ ಎರಡು ಸಲ ಚೀಟಿಯಕ್ಕ, "ಅಂಥದ್ದೇ ಒಂದಿದೆ, ನೀವು ಓದಲೇಬೇಕು" ಅನ್ನಲು ಬಾಯಿ ತೆರೆದಳು. ಎರಡು ಸಲವೂ ಮುಚ್ಚಿಕೊಂಡಳು.